ಚಾಂಪಿಯನ್‌ಶಿಪ್ ಗಾಲ್ಫ್ ಕೋರ್ಸ್ ಅಂದ್ರೆ ಆಟಗಾರನ ಯಾವ ಯಾವ ಸ್ಕಿಲ್ ಟೆಸ್ಟ್ ಮಾಡ್ಬೇಕು?

ಸುರತ್ಕಲ್_ಸ್ಲೈಸರ್:

ನಮಸ್ಕಾರ, ಒಂದು ಪ್ರಶ್ನೆ ಉಂಟು, ಸ್ವಲ್ಪ ಉದ್ದ ಆಗ್ತದೆ ಬೇಜಾರ್ ಮಾಡ್ಬೇಡಿ. ಪಿಲಿಕುಳದಲ್ಲಿ ಆಡುವ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಇದೇ ವಿಷಯಕ್ಕೆ ಜಗಳ ಆಗಿ ಈಗ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿ ಹೇಳುದು, ದೊಡ್ಡ ಟೂರ್ನಮೆಂಟ್ ಅಂದ್ರೆ ರಫ್ (ಬದಿಯ ಉದ್ದ ಹುಲ್ಲು) ದಪ್ಪ ಇರ್ಬೇಕು, ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ) ಸಪೂರ ಇರ್ಬೇಕು, ಗ್ರೀನ್ (ಹೋಲ್ ಇರುವ ನುಣುಪು ಹುಲ್ಲು) ಮೇಲೆ ಬಾಲ್ ನಿಲ್ಲಲೇ ಬಾರ್ದು, ಗೆದ್ದವನ ಸ್ಕೋರೇ ಪಾರ್ (ಕೋರ್ಸಿಗೆ ಇಟ್ಟ ಸ್ಟ್ರೋಕಿನ ಲೆಕ್ಕ) ಹತ್ರ ಇದ್ರೆ ಮಾತ್ರ ಅದು ಪರೀಕ್ಷೆ ಅಂತ. ಅವರ ಉದಾಹರಣೆ 2025ರ ಯುಎಸ್ ಓಪನ್, ಓಕ್‌ಮಾಂಟ್‌ನಲ್ಲಿ ಜೆ.ಜೆ. ಸ್ಪಾನ್ ಗೆದ್ದದ್ದು ಒಂದು ಅಂಡರ್‌ಗೆ, ಇಡೀ ಫೀಲ್ಡಲ್ಲಿ ಪಾರ್‌ಗಿಂತ ಕೆಳಗೆ ಇದ್ದದ್ದು ಅವನೊಬ್ಬನೇ. ಇನ್ನೊಂದು ಪಾರ್ಟಿ ಹೇಳುದು, ಅದೆಲ್ಲ ಶಿಕ್ಷೆ, ಆಟ ಅಲ್ಲ, 2022ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಕ್ಯಾಮರಾನ್ ಸ್ಮಿತ್ 20 ಅಂಡರ್ ಹೊಡೆದು ಬ್ರಿಟಿಷ್ ಓಪನ್ ಗೆದ್ದ, ಅದೇನು ಗೆಲುವು ಅಲ್ವಾ ಅಂತ.

ನನ್ನ ಡೌಟ್ ಬೇರೆ. ಸ್ಕೋರ್ ನೋಡಿದ್ರೆ ಕೋರ್ಸ್ ಕಷ್ಟವಾ ಸುಲಭವಾ ಅಂತ ಗೊತ್ತಾಗ್ತದೆ, ಆದ್ರೆ ಒಳ್ಳೇ ಪರೀಕ್ಷೆ ಆಯ್ತಾ ಇಲ್ವಾ ಅಂತ ಅದರಲ್ಲಿ ಗೊತ್ತಾಗ್ತದಾ? ದೂರ ಹೊಡಿಯುದು, ನೇರ ಹೊಡಿಯುದು, ಐರನ್ (ಲೋಹದ ತಲೆಯ ಕ್ಲಬ್ಬಲ್ಲಿ ಗ್ರೀನಿಗೆ ಹೊಡಿಯುದು), ಚಿಪ್ (ಗ್ರೀನ್ ಹತ್ರದಿಂದ ಸಣ್ಣ ಶಾಟ್), ಪಟ್ (ಗ್ರೀನ್ ಮೇಲೆ ಉರುಳಿಸುದು), ಮಂಡೆ ತಣ್ಣಗೆ ಇಟ್ಕೊಳ್ಳುದು, ಇದರಲ್ಲಿ ಯಾವುದಕ್ಕೆ ಎಷ್ಟು ಮಾರ್ಕ್ ಇರ್ಬೇಕು? ಗೊತ್ತಿದ್ದವರು ಹೇಳಿ. ರಫ್ ಪಾರ್ಟಿಯವರು ಇಲ್ಲಿಯೂ ಇದ್ದಾರೆ ಅಂತ ಗೊತ್ತುಂಟು, ನೀವೂ ಹೇಳಿ.

ಬೋಗಿ_ಭಟ್ರು:

ನಿಮ್ಮ ಮೊದಲನೇ ಪಾರ್ಟಿಯವರಿಗೆ 2020ರ ವಿಂಗ್ಡ್ ಫುಟ್ ಯುಎಸ್ ಓಪನ್ ಒಮ್ಮೆ ತೋರಿಸಿ ಮಾರಾಯ್ರೇ. ರಫ್ ದಪ್ಪ, ಫೇರ್‌ವೇ ಸಪೂರ, ಲೆಕ್ಕದ ಪ್ರಕಾರ ನೇರ ಹೊಡಿಯುವವನು ಗೆಲ್ಬೇಕಿತ್ತು. ಗೆದ್ದದ್ದು ಬ್ರೈಸನ್ ಡಿಶಾಂಬೋ. ನಾಲ್ಕು ದಿನದ 56 ಫೇರ್‌ವೇಯಲ್ಲಿ ಅವನಿಗೆ ಸಿಕ್ಕಿದ್ದು 23. ಆದ್ರೂ 6 ಅಂಡರ್, ಎರಡನೆಯವನಿಗಿಂತ 6 ಸ್ಟ್ರೋಕ್ ಮುಂದೆ. ಹೇಗೆ ಅಂದ್ರೆ, ಫೇರ್‌ವೇ ಅಷ್ಟು ಸಪೂರ ಮಾಡಿದ್ರೆ ನೇರ ಹೊಡಿಯುವವನೂ ಅರ್ಧಕ್ಕರ್ಧ ಸಲ ರಫ್‌ಗೇ ಹೋಗ್ತಾನೆ. ಅವನು ರಫಲ್ಲಿ ನಿಂತು 6 ಐರನ್ ಎತ್ತಬೇಕು, ಡಿಶಾಂಬೋ ಅದೇ ರಫಲ್ಲಿ ಇನ್ನೂ ಮುಂದೆ ಹೋಗಿ ನಿಂತು ವೆಜ್ (ಹತ್ರದ ಶಾಟಿನ ಕ್ಲಬ್) ಎತ್ತುದು, ಜೊತೆಗೆ ಹುಲ್ಲು ಕತ್ತರಿಸಿ ಹೋಗುವ ರಟ್ಟೆಬಲ ಬೇರೆ. ಅಂದ್ರೆ ನೇರ ಹೊಡಿಯುದಕ್ಕೆ ಅಂತ ಇಟ್ಟ ಪರೀಕ್ಷೆಯಲ್ಲಿ ಮಾರ್ಕ್ ಬಿದ್ದದ್ದು ಬಲಕ್ಕೆ.

ನನ್ನ ಪ್ರಕಾರ ಕೋರ್ಸ್ ಮೊದಲು ಟೆಸ್ಟ್ ಮಾಡ್ಬೇಕಾದ್ದು ತೀರ್ಮಾನ. ಎದುರಿಗೆ ಎರಡು ಮೂರು ದಾರಿ ಇಟ್ಟು, ಇದರಲ್ಲಿ ನಿನಗೆ ಆಗುವಂಥದ್ದು ಯಾವುದಪ್ಪಾ ಅಂತ ಕೇಳ್ಬೇಕು. ದಪ್ಪ ರಫಲ್ಲಿ ಬಿದ್ದವನಿಗೆ ದಾರಿ ಒಂದೇ, ಸ್ಯಾಂಡ್ ವೆಜ್ ತಗೊಂಡು ಫೇರ್‌ವೇಗೆ ವಾಪಸ್ ಹೊಡಿ. ಅದನ್ನು ನಾನೂ ಹೊಡಿತೇನೆ, ರೋರಿ ಮೆಕಿಲ್ರಾಯ್ ಅಂಥ ಟಾಪ್ ಆಟಗಾರ ಕೂಡ ಹೊಡಿತಾನೆ, ಇಬ್ಬರಿಗೂ ವ್ಯತ್ಯಾಸ ಎಂತ ಉಳೀತು?

ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ನೋಡಿ. ಡೊನಾಲ್ಡ್ ರಾಸ್ ಮಾಡಿದ ಕೋರ್ಸ್, ನಡುವೆ ಕೆಡಿಸಿದ್ರು, ಆಮೇಲೆ ಬಿಲ್ ಕೂರ್ ಮತ್ತೆ ಬೆನ್ ಕ್ರೆನ್‌ಶಾ ಬಂದು ರಫನ್ನೇ ಕಿತ್ತು ಹಾಕಿ ಮರಳು, ಕಾಡುಹುಲ್ಲು ವಾಪಸ್ ತಂದ್ರು. ಗ್ರೀನ್ ನಡು ಎತ್ತರ, ಅಂಚೆಲ್ಲ ಹೊರಗೆ ಇಳಿಜಾರು, ಸ್ವಲ್ಪ ತಪ್ಪಿದ್ರೆ ಬಾಲ್ ಉರುಳಿ ಉರುಳಿ ಕೆಳಗಿನ ತಗ್ಗಿಗೆ ಬರ್ತದೆ. ಅಲ್ಲಿ ಹುಲ್ಲು ಸಣ್ಣಗೆ ಕತ್ತರಿಸಿರ್ತಾರೆ, ಹಾಗಾಗಿ ಚಿಪ್ ಮಾಡ್ಬಹುದು, ಬಾಲ್ ಎತ್ತಿ ಹಾಕ್ಬಹುದು, ಪಟರ್ ತಗೊಂಡು ಉರುಳಿಸ್ಲಿಕ್ಕೂ ಆಗ್ತದೆ. 2014ರಲ್ಲಿ ಮಾರ್ಟಿನ್ ಕೈಮರ್ ಗ್ರೀನಿನ ಹೊರಗಿಂದ ಪಟರಲ್ಲೇ ಉರುಳಿಸಿ ಉರುಳಿಸಿ 8 ಸ್ಟ್ರೋಕಲ್ಲಿ ಗೆದ್ದ. 2024ರಲ್ಲಿ ಅದೇ ಕೋರ್ಸಲ್ಲಿ ಡಿಶಾಂಬೋ ಗೆದ್ದದ್ದು ಕೊನೇ ಹೋಲಿನ ಬಂಕರಿಂದ (ಮರಳಿನ ಗುಂಡಿ), 55 ಯಾರ್ಡ್, ಗಾಲ್ಫಲ್ಲಿ ಇದಕ್ಕಿಂತ ಕಷ್ಟದ ಶಾಟ್ ಕಮ್ಮಿ. ಒಂದೇ ಕೋರ್ಸ್, ಒಬ್ಬನಿಗೆ ಪಟರ್ ಹಿಡಿಯುವ ವಿವೇಕಕ್ಕೆ ಮಾರ್ಕ್ ಕೊಟ್ಟಿತು, ಇನ್ನೊಬ್ಬನಿಗೆ ಕೈಚಳಕಕ್ಕೆ. ಪರೀಕ್ಷೆ ಅಂದ್ರೆ ಅದು.

ಮಣಿಪಾಲ್_ನೈಟ್‌ಶಿಫ್ಟ್:

ಭಟ್ರ ಮಾತು ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಸ್ವಲ್ಪ ಲೆಕ್ಕವೂ ಹಾಕುವ. ಕೊಲಂಬಿಯಾ ಯೂನಿವರ್ಸಿಟಿಯ ಪ್ರೊಫೆಸರ್ ಮಾರ್ಕ್ ಬ್ರೋಡಿ ಅಂತ ಒಬ್ಬರಿದ್ದಾರೆ, ಸ್ಟ್ರೋಕ್ಸ್ ಗೇನ್ಡ್ ಅನ್ನುವ ಲೆಕ್ಕ ಅವರದ್ದೇ, ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ) ಅದನ್ನು ಪಟಿಂಗಿಗೆ 2011ರಿಂದ ಬಳಸ್ಲಿಕ್ಕೆ ಶುರು ಮಾಡಿತು. ಲೆಕ್ಕ ಸಿಂಪಲ್. 8 ಅಡಿಯ ಪಟ್ ಟೂರ್ ಆಟಗಾರರು ಹಾಕುದು ಹೆಚ್ಚು ಕಮ್ಮಿ ಎರಡಕ್ಕೆ ಒಂದು ಸಲ, ಅಂದ್ರೆ ಅಲ್ಲಿಂದ ಆವರೇಜ್ ಒಂದೂವರೆ ಸ್ಟ್ರೋಕ್ ಬೇಕು. ನೀವು ಒಂದರಲ್ಲೇ ಹಾಕಿದ್ರೆ ಅರ್ಧ ಸ್ಟ್ರೋಕ್ ಗಳಿಸಿದ್ರಿ, ಎರಡು ತಗೊಂಡ್ರೆ ಅರ್ಧ ಹೋಯ್ತು. ಹೀಗೆ ಪ್ರತಿ ಶಾಟಿಗೂ.

ಈ ಲೆಕ್ಕದಲ್ಲಿ ಬ್ರೋಡಿಗೆ ಸಿಕ್ಕಿದ್ದು ಎಂತ ಅಂದ್ರೆ, ಟಾಪ್ ಆಟಗಾರರು ಉಳಿದವರಿಗಿಂತ ಮುಂದೆ ಇರುದರಲ್ಲಿ ಸುಮಾರು 40 ಪರ್ಸೆಂಟ್ ಅಪ್ರೋಚ್ ಶಾಟಿನದ್ದು (ಗ್ರೀನಿಗೆ ಹೊಡಿಯುದು), 28 ಡ್ರೈವಿಂಗಿನದ್ದು (ಹೋಲ್ ಶುರು ಆಗುವ ಜಾಗದಿಂದ ಹೊಡಿಯುವ ಮೊದಲ ಶಾಟ್), 17 ಗ್ರೀನ್ ಹತ್ರದ ಶಾರ್ಟ್ ಗೇಮಿಂದು, ಪಟಿಂಗಿಂದು ಬರೀ 15. ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದು ಡ್ರೈವ್ ಮಾಡುದು ಶೋಗೆ, ಪಟ್ ಮಾಡುದು ದುಡ್ಡಿಗೆ ಅಂತ ಅಲ್ವಾ, ಅದು ಟೂರಲ್ಲಿ ಅಷ್ಟೇನೂ ನಿಜ ಅಲ್ಲ. ಹಾಗಾಗಿ ಮಾರ್ಕ್ ಎಷ್ಟು ಕೊಡ್ಬೇಕು ಅಂತ ಕೇಳಿದ್ರೆ ನಾನು ಐರನ್ನಿಗೇ ಅರ್ಧ ಹತ್ರ ಕೊಡ್ತೇನೆ. ಗ್ರೀನ್ ಗಾಜಿನ ಹಾಗೆ ಮಾಡಿ ಮೂರಡಿ ಪಟ್ ಮಿಸ್ ಮಾಡ್ಸುದು ಟಿವಿಯಲ್ಲಿ ನೋಡ್ಲಿಕ್ಕೆ ಗಮ್ಮತ್ತು, ಅದರಲ್ಲಿ ಅದೃಷ್ಟದ ಪಾಲು ಜಾಸ್ತಿ.

ಅಂದ ಹಾಗೆ ಈ ಪರ್ಸೆಂಟ್ ಯಾರೂ ವೇದವಾಕ್ಯ ಮಾಡ್ಕೊಳ್ಬೇಡಿ. ಇದು ಟೂರಿನ ಕೋರ್ಸಲ್ಲಿ ಆಡಿದ ಆಟದ ಲೆಕ್ಕ. ಆ ಕೋರ್ಸ್ ಉದ್ದ ಇದ್ದು ಗ್ರೀನ್ ಮೆತ್ತಗೆ ಇದ್ರೆ ಡ್ರೈವರಿಗೂ (ಎಲ್ಲಕ್ಕಿಂತ ದೂರ ಹೊಡಿಯುವ ಕ್ಲಬ್) ಐರನ್ನಿಗೂ ತೂಕ ತನ್ನಿಂದ ತಾನೇ ಬರ್ತದೆ. ಕೋರ್ಸ್ ಬದಲಾಯಿಸಿ, ಪರ್ಸೆಂಟ್ ಬದಲಾಗ್ತದೆ.

ಕಾರ್ಕಳ_ಎಕ್ಸ್‌ಪ್ರೆಸ್:

ಮಳೆ ಬಂದ್ರೆ ಮನೆಗೆ ಹೋಗುವ ಆಟಕ್ಕೆ ಇಷ್ಟು ಲೆಕ್ಕವಾ 😄 ನಾನು ಗಾಲ್ಫ್ ಆಡುದಿಲ್ಲ, ಆದ್ರೆ ಒಂದು ಹೇಳ್ತೇನೆ, ನಮ್ಮ ಕಂಬಳದಲ್ಲಿ ಇದಕ್ಕೆಲ್ಲ ಯಾವತ್ತೋ ಪರಿಹಾರ ಆಗಿದೆ. ಓಟಕ್ಕೆ ನೇಗಿಲು ಬೇರೆ, ಹಗ್ಗ ಬೇರೆ, ಅಡ್ಡ ಹಲಗೆ ಬೇರೆ. ನೀರು ಹಾರಿಸುವ ಕನೆ ಹಲಗೆಯಲ್ಲಿ ಎಷ್ಟು ಬೇಗ ಬಂದ್ರಿ ಅಂತ ಯಾರೂ ಕೇಳುದಿಲ್ಲ, ನೀರು ಆರೂವರೆ ಕೋಲಿನ ನಿಶಾನೆಗೆ ಹಾರಿತಾ ಇಲ್ವಾ ಅಷ್ಟೇ. ನೀವೂ ಹಾಗೇ ದೂರ ಹೊಡಿಯುವವನಿಗೆ ಒಂದು ಮೆಡಲ್, ಪಟ್ ಮಾಡುವವನಿಗೆ ಒಂದು ಮೆಡಲ್ ಕೊಟ್ಟು ಬಿಡಿ, ಜಗಳ ಮುಗೀತು.

ಬೋಗಿ_ಭಟ್ರು:

ಎಕ್ಸ್‌ಪ್ರೆಸ್ಸಣ್ಣ, ಅಲ್ಲೇ ಇರುದು ತೊಂದರೆ. ಕನೆ ಹಲಗೆಯ ಕೋಣಕ್ಕೆ ಹಗ್ಗದ ಕೋಣದ ಚಿಂತೆ ಇಲ್ಲ. ಗಾಲ್ಫಲ್ಲಿ ಎಲ್ಲಾ ಸೇರಿ ಕೊನೆಗೆ ಬರುದು ಒಂದೇ ನಂಬರ್, ಮತ್ತೆ ಒಂದು ಶಾಟ್ ಎಲ್ಲಿ ನಿಂತಿತು ಅನ್ನುದರ ಮೇಲೆ ಮುಂದಿನ ಶಾಟ್. ನೈಟ್‌ಶಿಫ್ಟ್ ಅವರು ಡ್ರೈವಿಂಗಿಗೆ ಇಷ್ಟು, ಅಪ್ರೋಚಿಗೆ ಇಷ್ಟು ಅಂತ ಬೇರೆ ಬೇರೆ ಡಬ್ಬಿಗೆ ಹಾಕಿದ್ದಾರೆ, ಒಳ್ಳೇ ಕೋರ್ಸಲ್ಲಿ ಅವು ಬೇರೆ ಆಗಿ ಇರುದೇ ಇಲ್ಲ.

ಸೇಂಟ್ ಆಂಡ್ರೂಸ್ ಹಳೇ ಕೋರ್ಸಿನ 17ನೇ ಹೋಲ್, ರೋಡ್ ಹೋಲ್ ತಗೊಳ್ಳಿ. ಟೀ (ಹೋಲ್ ಶುರು ಮಾಡುವ ಜಾಗ) ಇಂದ ಬಲಗಡೆ ಹೋಟೆಲ್, ಅದರ ಮೂಲೆ ಮೇಲಿಂದ ಹಾರಿಸಿದ್ರೆ ಗ್ರೀನಿಗೆ ದಾರಿ ತೆರೆದಿರ್ತದೆ, ತಪ್ಪಿದ್ರೆ ಬೌಂಡರಿ ಹೊರಗೆ. ಹೆದರಿ ಎಡಕ್ಕೆ ಹೊಡೆದ್ರೆ ಜಾಗ ಬೇಕಾದಷ್ಟು ಉಂಟು, ಫೇರ್‌ವೇಯೂ ಸಿಗ್ತದೆ, ಆದ್ರೆ ಅಲ್ಲಿಂದ ಗ್ರೀನ್ ನೋಡಿದ್ರೆ ನಡುವೆ ರೋಡ್ ಬಂಕರ್, ಗ್ರೀನಿನ ಹಿಂದೆ ಟಾರ್ ರಸ್ತೆ. ಅಂದ್ರೆ ಫೇರ್‌ವೇಯಲ್ಲೇ ಇದ್ದೂ ನೀವು ಅರ್ಧ ಶಾಟ್ ಕಳ್ಕೊಂಡಿದ್ದೀರಿ. 1978ರ ಓಪನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲೆ ಇದ್ದವನು, ಅವನ ಪಟ್ ಆ ಬಂಕರಿಗೆ ಇಳಿದು ಹೋಲ್ ಮುಗಿಯುವಾಗ 9. ರಫ್ ಬೆಳೆಸಿದ್ದಲ್ಲ ಅಲ್ಲಿ, ನೆಲವೇ ಪ್ರಶ್ನೆ ಕೇಳಿದ್ದು.

ಉಡುಪಿ_ಅಕ್ಕ:

ಎಲ್ಲರೂ ಬ್ರೈಸನ್ ರೋರಿ ಅಂತಲೇ ಮಾತಾಡ್ತಿದ್ದೀರಿ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಯಾರಿಗೂ ನೆನಪಾಗ್ಲಿಲ್ವಾ? ಟೋಕಿಯೋ ಒಲಿಂಪಿಕ್ಸ್, ಕಸುಮಿಗಸೆಕಿ ಕೋರ್ಸ್, ನೆಲ್ಲಿ ಕೊರ್ಡಾ 17 ಅಂಡರ್‌ಗೆ ಚಿನ್ನ, ಮೋನೆ ಇನಾಮಿ ಮತ್ತೆ ಲಿಡಿಯಾ ಕೋ 16 ಅಂಡರ್, ಅದಿತಿ 15. ಒಂದೇ ಒಂದು ಸ್ಟ್ರೋಕಲ್ಲಿ ಮೆಡಲ್ ಹೋಯ್ತು. ಅವತ್ತು ಶನಿವಾರ ಬೆಳಿಗ್ಗೆ ಬೇಗ ಎದ್ದು ಟಿವಿ ಎದುರು ಕೂತದ್ದು, ದೋಸೆ ಹಿಟ್ಟು ಫ್ರಿಜ್ಜಲ್ಲೇ ಉಳೀತು. ಡ್ರೈವಿಂಗ್ ದೂರದಲ್ಲಿ ಅವಳು ಫೀಲ್ಡಿನ ತೀರಾ ಹಿಂದಿನ ಸಾಲಿನವಳು, ಮೊದಲೇ ಉದ್ದ ಹೊಡಿಯುವವಳಲ್ಲ, ಅದರ ಮೇಲೆ ಆ ವರ್ಷ ಕೋವಿಡ್ ಆಗಿ ಇನ್ನೂ ಕಮ್ಮಿ ಆಗಿತ್ತು. ತಾಯಿಯೇ ಕ್ಯಾಡಿ. ಕೊರ್ಡಾ ಸಣ್ಣ ಐರನ್ ತೆಗೆಯುವ ಜಾಗಕ್ಕೆ ಇವಳು ಹೈಬ್ರಿಡ್ಡೋ ವುಡ್ಡೋ ಅಂತ ದೂರದ ಕ್ಲಬ್ ತೆಗಿಬೇಕು, ಆಮೇಲೆ ಪಟರಲ್ಲಿ ಉಳಿಸ್ಕೊಳ್ಬೇಕು. ನಾಲ್ಕು ದಿನ ಹಾಗೇ ಉಳಿಸ್ಕೊಂಡಳು.

ನನಗೆ ಒಳ್ಳೇ ಪರೀಕ್ಷೆ ಅಂದ್ರೆ ಇದು. ಒಂದು ಸ್ಕಿಲ್ ಕಮ್ಮಿ ಇದ್ದವಳಿಗೆ ಉಳಿದದ್ದರಿಂದ ತುಂಬಿಸ್ಕೊಳ್ಳುವ ಬಾಗಿಲು ತೆರೆದಿರ್ಬೇಕು, ಬಾಗಿಲು ಅಗಲ ಬೇಡ, ಆದ್ರೆ ಇರ್ಬೇಕು. ಪುಕ್ಕಟೆ ಆಗಿಯೂ ಬೇಡ, ಚಿನ್ನ ಕೊರ್ಡಾಗೇ ಹೋಯ್ತಲ್ಲ, ಅದರಲ್ಲಿ ಅನ್ಯಾಯ ಎಂತದ್ದೂ ಇಲ್ಲ. ಆದ್ರೆ ದೂರ ಜಾಸ್ತಿ ಆಯ್ತು ಅಂತ ಪ್ರತಿ ಸಲ ಟೀ ಹಿಂದಕ್ಕೆ ಹಾಕ್ತಾ ಹೋದ್ರೆ ಆ ಬಾಗಿಲೇ ಮುಚ್ಚಿ ಹೋಗ್ತದೆ. ಆಗಸ್ಟಾ ನೋಡಿ, 1997ರಲ್ಲಿ ಟೈಗರ್ ವುಡ್ಸ್ 12 ಸ್ಟ್ರೋಕಲ್ಲಿ ಮಾಸ್ಟರ್ಸ್ ಗೆದ್ದಾಗ 6,925 ಯಾರ್ಡ್ ಇತ್ತು, 2002ಕ್ಕೆ 7,270, ಈಗ 7,500 ದಾಟಿದೆ. ಟೈಗರನ್ನು ಕಟ್ಟಿ ಹಾಕ್ಲಿಕ್ಕೆ ಅಂತ ಉದ್ದ ಮಾಡಿದ್ದಂತೆ. ಉದ್ದ ಮಾಡಿದ್ರೆ ಕಷ್ಟ ಆಗುದು ಉದ್ದ ಹೊಡಿಯುವವನಿಗಾ ಗಿಡ್ಡ ಹೊಡಿಯುವವನಿಗಾ? ಟೈಗರ್ 2002ರಲ್ಲೇ ವಾಪಸ್ ಬಂದು ಗೆದ್ದು ಹೋದ!

ಮಣಿಪಾಲ್_ನೈಟ್‌ಶಿಫ್ಟ್:

ಅಕ್ಕ, ಒಪ್ಪಿದೆ. ಆದ್ರೆ ದೂರ ಹೊಡಿಯುದೂ ಒಂದು ಸ್ಕಿಲ್ಲೇ, ಅದನ್ನು ಪಾಪ ಮಾಡಿದ ಹಾಗೆ ನೋಡ್ಲಿಕ್ಕಾಗುದಿಲ್ಲ. ಬಾಲ್ ಅಷ್ಟು ದೂರ ಹೋಗದ ಹಾಗೆ ಹೊಸ ರೂಲ್ ತರ್ತೇವೆ ಅಂತ ಗಾಲ್ಫಿನ ರೂಲ್ ಮಾಡುವ ಯುಎಸ್‌ಜಿಎ, ಆರ್ ಆಂಡ್ ಎ 2023ರ ಡಿಸೆಂಬರಲ್ಲಿ ಹೇಳಿದ್ದೂ ಕೋರ್ಸ್ ಇನ್ನೂ ಉದ್ದ ಮಾಡ್ಲಿಕ್ಕೆ ಜಾಗ ಇಲ್ಲ ಅನ್ನುವ ಮಂಡೆಬಿಸಿಯಿಂದಲೇ. ಬಾಲಿಗೆ ಕಡಿವಾಣ ಹಾಕುದು ಕೋರ್ಸ್ ಹಿಗ್ಗಿಸುದಕ್ಕಿಂತ ಚೀಪ್ ಅಂತ ನನಗೂ ಅನಿಸ್ತದೆ.

ಹುಲ್ಲು_ನೀರು:

ನಾನು ಒಂದು ಕ್ಲಬ್ಬಲ್ಲಿ ಗ್ರೀನ್ ಮೇಂಟೆನೆನ್ಸ್ ನೋಡ್ಕೊಳ್ಳುದು, ಆಟ ಸಾಧಾರಣ. ನೀವೆಲ್ಲ ಡಿಸೈನ್ ಬಗ್ಗೆ ಮಾತಾಡ್ತಾ ನೆಲ ಮರ್ತಿದ್ದೀರಿ. ನೆಲ ಗಟ್ಟಿ ಉಂಟಾ ಮೆತ್ತಗೆ ಉಂಟಾ ಅನ್ನುದರ ಮೇಲೆ ಭಟ್ರು ಹೇಳಿದ್ದೆಲ್ಲ ನಿಂತಿರುದು. ಗ್ರೀನ್ ಒದ್ದೆ ಇದ್ರೆ ರಫಿಂದ ಸ್ಪಿನ್ ಇಲ್ಲದೆ ಬಂದ ಬಾಲ್ ಕೂಡ ಬಿದ್ದಲ್ಲೇ ಕೂತ್ಕೊಳ್ತದೆ, ಆಗ ಯಾವ ಕಡೆಯಿಂದ ಬಂದ್ರಿ, ಎಷ್ಟು ಎತ್ತರದಲ್ಲಿ ಬಂದ್ರಿ ಯಾವುದೂ ಲೆಕ್ಕಕ್ಕಿಲ್ಲ. ಗಟ್ಟಿ ಇದ್ರೆ ಬಾಲ್ ಬಿದ್ದ ಮೇಲೆ ಇನ್ನೊಂದು ಆಟ ಶುರು ಆಗ್ತದೆ. ಸ್ಕಾಟ್ಲೆಂಡಿನ ಕಡಲ ಬದಿಯ ಕೋರ್ಸಲ್ಲಿ ಅಡಿಗೆ ಮರಳು, ನೀರು ಇಳಿದು ಹೋಗ್ತದೆ, ಹಾಗಾಗಿ ಅಲ್ಲಿ ಗಟ್ಟಿ ನೆಲ ತನ್ನಷ್ಟಕ್ಕೇ ಸಿಗ್ತದೆ. ನಮ್ಮ ಗುಡ್ಡದ ಮೇಲೆ ಮುರಕಲ್ಲು, ಅದರ ಮೇಲೆ ಹೊರಗಿಂದ ತಂದು ಹಾಕಿದ ಮಣ್ಣು, ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ ಗಟ್ಟಿ ಗ್ರೀನ್ ಬೇಕು ಅಂತ ನನ್ನ ಹತ್ರ ಕೇಳ್ಬೇಡಿ. ಡಿಸೆಂಬರ್ ಮೇಲೆ ಕೇಳಿ, ಬೆಳಿಗ್ಗೆ ಗಾಳಿಯೇ ಇಲ್ಲ, ಮಧ್ಯಾಹ್ನ ಆಗುವಾಗ ಕಡಲ ಗಾಳಿ ಎದ್ದು ಅದೇ ಹೋಲಿಗೆ ಎರಡು ಕ್ಲಬ್ ವ್ಯತ್ಯಾಸ. ಗಾಳಿ ಇರುವ ಊರಲ್ಲಿ ರಫ್ ಯಾಕೆ ಸ್ವಾಮಿ?

ಮತ್ತೆ ನಮ್ಮ ಬರ್ಮುಡಾ ಹುಲ್ಲಿನ ಗ್ರೀನಲ್ಲಿ ಗ್ರೇನ್ ಅಂತ ಒಂದುಂಟು, ಎಲೆ ಒಂದು ಕಡೆಗೆ ಮಲಗಿರ್ತದೆ. ಒಂದು ಬದಿಯಿಂದ ನೋಡಿದ್ರೆ ಹೊಳಿತದೆ, ಹಾಗೆ ಕಂಡ್ರೆ ಬಾಲ್ ಹುಲ್ಲು ಮಲಗಿದ ದಿಕ್ಕಿಗೇ ಹೋಗ್ತದೆ, ಸ್ಪೀಡಾಗಿ ಹೋಗ್ತದೆ. ಎದುರು ಬದಿಯಿಂದ ಅದೇ ಜಾಗ ಕಪ್ಪು ಹಸಿರು, ಬಾಲ್ ಅರ್ಧ ದಾರಿಗೆ ಸುಸ್ತು. ಹೋಲಿನ ಅಂಚು ನೋಡಿ, ಒಂದು ಬದಿ ಚೊಕ್ಕ ಇರ್ತದೆ, ಇನ್ನೊಂದು ಬದಿ ಸಂಜೆ ಆಗುವಾಗ ಒಣಗಿ ಹರಕು ಹರಕಾಗಿರ್ತದೆ, ಹರಕಿನ ಬದಿಗೆ ಹುಲ್ಲು ಬೆಳಿತಾ ಉಂಟು ಅಂತ ಲೆಕ್ಕ. ನಮ್ಮ ಹಳೇ ಕ್ಯಾಡಿಗಳು ಇಳಿಜಾರು ನೋಡುವ ಮೊದಲು ಇದನ್ನು ನೋಡ್ತಾರೆ. ಇದೂ ಒಂದು ಸ್ಕಿಲ್, ಯಾರ ಲಿಸ್ಟಲ್ಲೂ ಕಾಣ್ಲಿಲ್ಲ.

ಸ್ಪೀಡಿನ ಹುಚ್ಚಿಗೆ ಒಂದು ಮಾತು. ಗ್ರೀನ್ ಸ್ಪೀಡ್ ಅಳಿಯುವ ಸ್ಟಿಂಪ್‌ಮೀಟರ್ ಹುಟ್ಟಿದ್ದೇ 1935ರಲ್ಲಿ ಓಕ್‌ಮಾಂಟಿನ ಗ್ರೀನ್ ನೋಡಿ ಗಾಬರಿ ಆದ ಎಡ್ವರ್ಡ್ ಸ್ಟಿಂಪ್ಸನ್ ಅವರಿಂದ. ಅದು ಗ್ರೀನ್ ಎಲ್ಲಾ ಕಡೆ ಒಂದೇ ಥರ ಉಂಟಾ ನೋಡ್ಲಿಕ್ಕೆ ಒಳ್ಳೇ ಸಾಮಾನು, ಈಗ ನಿಮ್ಮದು 11 ನಮ್ಮದು 12 ಅಂತ ಪೈಪೋಟಿಗೆ ಆಗಿದೆ. ಇಳಿಜಾರು ಇರುವ ಗ್ರೀನನ್ನು ಅತಿ ಸ್ಪೀಡ್ ಮಾಡಿದ್ರೆ ಪಿನ್ (ಹೋಲಿನ ಬಾವುಟ) ಹಾಕ್ಲಿಕ್ಕೇ ಜಾಗ ಸಿಗುದಿಲ್ಲ. 2004ರಲ್ಲಿ ಶಿನೆಕಾಕ್ ಯುಎಸ್ ಓಪನಿನ ಕೊನೇ ದಿನ 7ನೇ ಗ್ರೀನಿಗೆ ಆಟದ ನಡುವೆಯೇ ನೀರು ಬಿಡ್ಬೇಕಾಯ್ತು, ಬಾಲ್ ನಿಲ್ತಾ ಇರ್ಲಿಲ್ಲ. ಒಬ್ಬನಿಗೆ ನೀರು ಬಿಟ್ಟ ಗ್ರೀನ್, ಮೊದಲು ಹೋದವನಿಗೆ ಒಣ ಗ್ರೀನ್, ಅದು ಯಾವ ಸ್ಕಿಲ್ಲಿನ ಪರೀಕ್ಷೆ ಹೇಳಿ.

ಕುಡ್ಲ_ಡ್ರೈವರ್:

ರಫ್ ಪಾರ್ಟಿ ಹಾಜರ್ 🙋 ಎಲ್ಲರೂ ಸೇರಿ ನಮ್ಮನ್ನು ಹೊಡಿತಿದ್ದೀರಿ. ಹಾಗಾದ್ರೆ ದೆಹಲಿ ಗಾಲ್ಫ್ ಕ್ಲಬ್ ಹೇಳಿ. ಎರಡೂ ಬದಿ ಪೊದೆ, ಒಳಗೆ ಹೋದ ಬಾಲ್ ಹುಡುಕ್ಲಿಕ್ಕೂ ಹೋಗ್ಬಾರ್ದು. 2025ರ ಅಕ್ಟೋಬರಲ್ಲಿ ಮೆಕಿಲ್ರಾಯ್ ಬಂದು ಇಲ್ಲಿ ಡ್ರೈವರ್ ಹೊಡಿಯುದಿಲ್ಲ ಅಂದ, ಗೆದ್ದದ್ದು ಟಾಮಿ ಫ್ಲೀಟ್‌ವುಡ್. ನಮ್ಮ ಎಸ್‌ಎಸ್‌ಪಿ ಚೌರಾಸಿಯಾ 2016ರ ಇಂಡಿಯನ್ ಓಪನ್ ಗೆದ್ದದ್ದೂ ಅಲ್ಲೇ, ಅವರೇನು ಉದ್ದ ಹೊಡಿಯುವವರಾ? ಸಪೂರ ಇದ್ರೆ ಬಲದವನಿಗೇ ಲಾಭ ಅಂತ ಭಟ್ರು ಹೇಳಿದ್ದು ಅಲ್ಲಿ ಎಲ್ಲಿ ಹೋಯ್ತು?

ಬೋಗಿ_ಭಟ್ರು:

ಒಳ್ಳೇ ಪಾಯಿಂಟ್, ಒಪ್ಪುವ ಪಾಯಿಂಟೇ. ವ್ಯತ್ಯಾಸ ಎಂತ ಅಂದ್ರೆ ವಿಂಗ್ಡ್ ಫುಟಲ್ಲಿ ತಪ್ಪಿದವನು ಬಾಲ್ ಹುಡುಕಿ ಬಲ ಹಾಕಿ ಹೊಡಿಬಹುದು, ದೆಹಲಿಯ ಪೊದೆಯಲ್ಲಿ ಬಲಕ್ಕೆ ಕೆಲಸವೇ ಇಲ್ಲ. ಅರ್ಧ ಶಿಕ್ಷೆ ಇಟ್ಟಲ್ಲಿ ಬಲದವನಿಗೆ ಲಾಭ, ಪೂರ್ತಿ ಶಿಕ್ಷೆ ಇಟ್ಟಲ್ಲಿ ಅವನೇ ಡ್ರೈವರ್ ಒಳಗೆ ಇಡ್ತಾನೆ. ಆದ್ರೆ ಆಗ ಎಲ್ಲರೂ ಐರನಲ್ಲೇ ಒಂದೇ ಜಾಗಕ್ಕೆ ಹೊಡಿಯುದು, ಡ್ರೈವರ್ ನೇರ ಹೊಡಿಯುವ ಸ್ಕಿಲ್ಲಿಗೆ ಅಲ್ಲಿ ಪ್ರಶ್ನೆಪತ್ರಿಕೆಯೇ ಇಲ್ಲ. ಅಂಥದ್ದೊಂದು ಕೋರ್ಸ್ ವರ್ಷದಲ್ಲಿ ಇರ್ಲಿ, ಬೇಡ ಅನ್ನುದಿಲ್ಲ. ಎಲ್ಲಾ ಹಾಗೇ ಆದ್ರೆ ಬೋರು.

ತೀರ್ಮಾನ ಅಂತ ನಾನು ಹೇಳಿದ್ದಕ್ಕೆ ಕಾರ್ನೂಸ್ಟಿಯ 1999ರ ಬ್ರಿಟಿಷ್ ಓಪನ್ ಒಂದು ಸಾಕು. ಕೊನೇ ಹೋಲಿಗೆ ಬರುವಾಗ ವಾನ್ ಡಿ ವೆಲ್ಡೆ ಮೂರು ಸ್ಟ್ರೋಕ್ ಮುಂದೆ, 6 ಹೊಡೆದ್ರೂ ಓಪನ್ ಅವನದ್ದು. ಸಣ್ಣ ಐರನಲ್ಲಿ ಮೂರು ಸಲ ತಟ್ಟಿ ಗ್ರೀನಿಗೆ ಬರ್ಬಹುದಿತ್ತು. ಡ್ರೈವರ್ ತೆಗೆದ. ಅದು ಹೇಗೋ ಬಚಾವಾಯ್ತು, ಮತ್ತೆ ಉದ್ದದ ಐರನ್ ತೆಗೆದ, ಅದು ಗ್ಯಾಲರಿಗೆ ತಾಗಿ ವಾಪಸ್ ರಫ್‌ಗೆ, ಅಲ್ಲಿಂದ ತೋಡಿನ ನೀರಿಗೆ, ಆಮೇಲೆ ಬಂಕರಿಗೆ, ಒಟ್ಟು 7. ಪ್ಲೇಆಫಲ್ಲಿ ಪಾಲ್ ಲಾರಿ ಗೆದ್ದ, ಅವತ್ತು ಬೆಳಿಗ್ಗೆ 10 ಸ್ಟ್ರೋಕ್ ಹಿಂದೆ ಇದ್ದವನು. ವಾನ್ ಡಿ ವೆಲ್ಡೆಗೆ ಸ್ವಿಂಗ್ ಕೈ ಕೊಟ್ಟದ್ದಲ್ಲ.

ಕುಡ್ಲ_ಡ್ರೈವರ್:

ನಾನೂ ಡ್ರೈವರೇ ತೆಗಿತಿದ್ದೆ 😅

ಸುರತ್ಕಲ್_ಸ್ಲೈಸರ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉಮೇದಿನಲ್ಲಿ ಬರಿತೀರಿ ಅಂತ ಗೊತ್ತಿರ್ಲಿಲ್ಲ. ಗ್ರೂಪಲ್ಲಿ ಲಿಂಕ್ ಹಾಕಿದೆ, ರಫ್ ಪಾರ್ಟಿಯಿಂದ ಇಬ್ಬರು ಈಗ ಗಟ್ಟಿ ನೆಲದ ಪಾರ್ಟಿ. ನನಗೆ ಅಕ್ಕನ ಬಾಗಿಲಿನ ಮಾತು ಹಿಡಿಸಿತು, ಆದ್ರೆ ನೈಟ್‌ಶಿಫ್ಟ್ ಹಾಗೆ ಐರನ್ನಿಗೆ ಅರ್ಧ ಮಾರ್ಕ್ ಕೊಟ್ರೆ ನನ್ನ ಗತಿ ದೇವರೇ ಗತಿ. ಒಂದು ಪ್ರಾಕ್ಟಿಕಲ್ ಪ್ರಶ್ನೆ ಹುಲ್ಲು_ನೀರು ಅವರಿಗೆ. ನಮ್ಮ ತಿಂಗಳ ಮೆಡಲ್ ಟೂರ್ನಮೆಂಟಿಗೆ ಒಂದೆರಡು ಗ್ರೀನಿನ ಸುತ್ತ ರಫ್ ಬಿಡುವ ಬದಲು ಪೈನ್‌ಹರ್ಸ್ಟ್ ಥರ ಸಣ್ಣಗೆ ಕತ್ತರಿಸಿದ್ರೆ ಹೇಗೆ? ಚಿಪ್ಪಾ ಪಟ್ಟಾ ಅಂತ ಎಲ್ಲರೂ ಮಂಡೆ ಕೆರ್ಕೊಳ್ಳಿ.

ಹುಲ್ಲು_ನೀರು:

ಮಾಡ್ಬಹುದು, ಆದ್ರೆ ದೀಪಾವಳಿ ಕಳಿಲಿ. ಈಗ ನೆಲ ಹಸಿ ಉಂಟು, ಒಮ್ಮೆಲೇ ಬುಡದವರೆಗೆ ಕತ್ತರಿಸಿದ್ರೆ ಹುಲ್ಲು ಹಳದಿ ಆಗಿ ಬೋಳು ಬೀಳ್ತದೆ, ಮತ್ತೆ ಅಲ್ಲಿ ವೆಜ್ ಹಿಡಿದ್ರೆ ನೆಲಕ್ಕೆ ತಾಗಿ ಪುಟಿದು ಬಾಲಿನ ನಡುವಿಗೆ ಬಡಿತದೆ, ಗ್ರೀನಿನ ಆಚೆ ಬದಿಗೆ ಹೋಗಿ ಹುಡುಕ್ಬೇಕು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬನ್ನಿ, ಮೇಲಿಂದ ತೆಳು ಮರಳು ಹಾಕಿ. ಮೊದಲು ನೀರು ಇಳಿದು ಹೋಗುವ ಬದಿ ನೋಡಿ ಒಂದೇ ಗ್ರೀನಲ್ಲಿ ಮಾಡಿ. ಕಮಿಟಿಯವರ ಹತ್ರ ಮೊದಲೇ ಹೇಳಿ ಇಡಿ, ಇಲ್ಲದಿದ್ರೆ ಬೈಗುಳ ತಿನ್ನುದು ಹುಲ್ಲು ಕತ್ತರಿಸುವವನು.